ಕೈತಪ್ಪಿದ ಹುದ್ದೆ: ನಿರಾಶೆ ಎಷ್ಟು, ಅನ್ಯಾಯ ಎಷ್ಟು?

ಹಾವೇರಿಯಿಂದ ರಾತ್ರಿಯ ಬಸ್ಸಿನಲ್ಲಿ ಹೊರಟು, ಬೆಳಗಿನ ಜಾವ ಮೆಜೆಸ್ಟಿಕ್‌ನಲ್ಲಿ ಇಳಿದು, ನಿಲ್ದಾಣದ ನಲ್ಲಿಯಲ್ಲಿಯೇ ಮುಖ ತೊಳೆದುಕೊಂಡು, ಒಂಬತ್ತು ಗಂಟೆಗೆ ಹಾಜರಿರತಕ್ಕದ್ದೆಂಬ ಕಾಲ್ ಲೆಟರಿನ ಆಜ್ಞೆಯನ್ನು ಅಕ್ಷರಶಃ ಪಾಲಿಸಿದ ನನ್ನ ತಂಗಿಯ ಮಗಳು, ಸರ್ಕಾರದ ಒಡೆತನದ ನಿಗಮವೊಂದರ ಸಹಾಯಕ ಎಂಜಿನಿಯರ್ ಹುದ್ದೆಯ ಸಂದರ್ಶನದ ಕೊಠಡಿಯನ್ನು ಪ್ರವೇಶಿಸಿದ್ದು ಅಪರಾಹ್ಣ ನಾಲ್ಕು ಗಂಟೆಗೆ. ಹೊರಬಂದದ್ದು ನಾಲ್ಕು ಗಂಟೆ ಮೂರು ನಿಮಿಷಕ್ಕೆ. ಕಾಂಕ್ರೀಟಿನ ಸ್ಲಂಪ್ ಪರೀಕ್ಷೆಯನ್ನು ವಿವರಿಸೆಂದರು. ಮೂವತ್ತು ಸೆಂಟಿಮೀಟರ್ ಎತ್ತರದ ಶಂಕುವಿನಲ್ಲಿ ಪದರ ಪದರವಾಗಿ ಕಾಂಕ್ರೀಟು ತುಂಬಿ, ಪ್ರತಿ ಪದರವನ್ನೂ ಇಪ್ಪತ್ತೈದು ಬಾರಿ ಸಲಾಕೆಯಿಂದ ಕುಟ್ಟಿ, ಎಂದು ಆಕೆ ಹೇಳುತ್ತಿರುವಾಗಲೇ, ಅಧ್ಯಕ್ಷಸ್ಥಾನದಲ್ಲಿದ್ದವರು ಕಾಗದ ಮಗುಚಿ, “ಮದುವೆ ಯಾವಾಗಮ್ಮ? ಸೈಟಿನ ಕೆಲಸ, ಮನೆಯವರು ಒಪ್ಪಬೇಕಲ್ಲ?” ಎಂದು ವಿಚಾರಿಸಿದರು. ಅಲ್ಲಿಗೆ ಸಂದರ್ಶನ ಸಮಾಪ್ತವಾಯಿತು. ಆಯ್ಕೆಪಟ್ಟಿ ಪ್ರಕಟವಾದಾಗ ಅದರಲ್ಲಿ ಆಕೆಯ ಹೆಸರಿರಲಿಲ್ಲ.

“ಮಾಮಾ, ಇದಕ್ಕ ಕಾಯ್ದೆದಾಗ ಏನೂ ಇಲ್ಲೇನು?” ಎಂದು ಆಕೆ ಕೇಳಿದಳು.

“ಮೊದಲ ನೋಟಿಫಿಕೇಶನ್ ತಗೊಂಬಾ,” ಎಂದೆ.

“ನಲವತ್ತ ಪುಟ ಐತಿ. ಯಾರ ಓದತಾರ ಮಾಮಾ ಅದನ್ನ?”

ಈ ಲೇಖನದ ಬೀಜವಿರುವುದು ಆ ಮಾತಿನಲ್ಲಿಯೇ. ಕಾನೂನು ಯಾರಿಗೂ ಉದ್ಯೋಗವನ್ನು ಕೊಡುವುದಿಲ್ಲ. ಅದು ಕೊಡುವುದು ನ್ಯಾಯವಾಗಿ ಪರಿಗಣಿಸಲ್ಪಡುವ ಹಕ್ಕನ್ನು ಮಾತ್ರ. ನಿರಾಶೆಗೆ ಪರಿಹಾರ ಬೇಡಲು ಯಾವ ನ್ಯಾಯಾಲಯವೂ ಇಲ್ಲ, ಅನ್ಯಾಯಕ್ಕೆ ಉಂಟು. ಇವೆರಡನ್ನೂ ಬೇರ್ಪಡಿಸಿಕೊಳ್ಳದೆ ವಕೀಲರ ಮೆಟ್ಟಿಲು ಹತ್ತಿದವರು ಬಹುಮಟ್ಟಿಗೆ ಹಣವನ್ನೂ ಕಾಲವನ್ನೂ ಕಳೆದುಕೊಂಡು ಮರಳುತ್ತಾರೆ.

ಕರೆದವರು ಯಾರು?

ಮೊದಲು ಕೇಳಿಕೊಳ್ಳತಕ್ಕ ಪ್ರಶ್ನೆ ಇದು. ಸರ್ಕಾರದ ಇಲಾಖೆ, ಸಾರ್ವಜನಿಕ ವಲಯದ ಕಂಪನಿ, ನಿಗಮ, ಮಂಡಳಿ ಇವೆಲ್ಲವೂ ಸಂವಿಧಾನದ 12ನೆಯ ವಿಧಿಯ ಅರ್ಥದಲ್ಲಿ ‘ರಾಜ್ಯ’ವೆನಿಸಿಕೊಳ್ಳುವುದರಿಂದ, 14ನೆಯ ವಿಧಿಯ ಸಮಾನತೆಯೂ 16ನೆಯ ವಿಧಿಯ ಸಮಾನಾವಕಾಶವೂ ಅವುಗಳ ಸಂದರ್ಶನದ ಕೊಠಡಿಯೊಳಕ್ಕೂ ಪ್ರವೇಶಿಸುತ್ತವೆ. ಖಾಸಗಿ ಕಂಪನಿಗೆ ಈ ವಿಧಿಗಳು ನೇರವಾಗಿ ಅನ್ವಯಿಸುವುದಿಲ್ಲ. ಅದರ ಮಾತು ಮುಂದೆ ಬರುತ್ತದೆ.

ಮೂರು ನಿಮಿಷದ ಸಂದರ್ಶನವನ್ನು ಕುರಿತು ಸರ್ವೋಚ್ಚ ನ್ಯಾಯಾಲಯವು ಬಹಳ ಹಿಂದೆಯೇ ವಿಚಾರಮಾಡಿದೆ. ಶ್ರೀನಗರದ ಪ್ರಾದೇಶಿಕ ಎಂಜಿನಿಯರಿಂಗ್ ಕಾಲೇಜು ಪ್ರವೇಶಕ್ಕೆ 100 ಅಂಕಗಳ ಲಿಖಿತ ಪರೀಕ್ಷೆಯ ಜತೆಗೆ 50 ಅಂಕಗಳ ಮೌಖಿಕ ಪರೀಕ್ಷೆಯನ್ನಿಟ್ಟು, ಒಬ್ಬೊಬ್ಬ ಅಭ್ಯರ್ಥಿಯನ್ನೂ ಎರಡು ಮೂರು ನಿಮಿಷಗಳಲ್ಲಿ ಕಳುಹಿಸಿಕೊಟ್ಟಿತ್ತು. ತಂದೆ ಯಾರು, ಮನೆ ಎಲ್ಲಿ ಎಂಬುದರ ಹೊರತು ಬೇರೇನನ್ನೂ ಕೇಳಲಿಲ್ಲವೆಂಬುದು ವಿದ್ಯಾರ್ಥಿಗಳ ದೂರಾಗಿತ್ತು. ಅಜಯ್ ಹಾಸಿಯಾ ಪ್ರಕರಣವೆಂದು ಪ್ರಸಿದ್ಧವಾದ ಆ ತೀರ್ಪಿನಲ್ಲಿ ನ್ಯಾಯಮೂರ್ತಿ ಪಿ. ಎನ್. ಭಗವತಿಯವರು, ಒಟ್ಟು ಅಂಕಗಳ ಮೂರನೆಯ ಒಂದು ಭಾಗವನ್ನು ಸಂದರ್ಶನಕ್ಕೆ ಮೀಸಲಿಡುವುದು ಸ್ವೇಚ್ಛಾಚಾರವೆಂದೂ, ಶೇಕಡಾ 15ನ್ನು ಅದು ಮೀರಕೂಡದೆಂದೂ, ಸಂದರ್ಶನವನ್ನು ಧ್ವನಿಮುದ್ರಿಸಿಕೊಳ್ಳುವುದು ಅಪೇಕ್ಷಣೀಯವೆಂದೂ ಹೇಳಿದರು. ಹಾಗೆಂದ ಮಾತ್ರಕ್ಕೆ, ಆಗಲೇ ಓದುತ್ತಿದ್ದವರ ಪ್ರವೇಶವನ್ನು ನ್ಯಾಯಾಲಯವು ರದ್ದುಪಡಿಸಲಿಲ್ಲ. ಅನುಭವಸ್ಥರ ಹಿರಿಯ ಹುದ್ದೆಗಳಿಗೆ ಸಂದರ್ಶನಕ್ಕೆ ಹೆಚ್ಚು ತೂಕವಿರಬಹುದೆಂದೂ ನ್ಯಾಯಾಲಯಗಳು ಒಪ್ಪಿವೆ. ಅಭ್ಯರ್ಥಿಯ ಹತ್ತಿರದ ಸಂಬಂಧಿಯು ಆಯ್ಕೆ ಸಮಿತಿಯಲ್ಲಿ ಕುಳಿತಿದ್ದರೆ, ಆತನು ಇಡೀ ಆಯ್ಕೆಯ ಪ್ರಕ್ರಿಯೆಯಿಂದಲೇ ಹಿಂದೆ ಸರಿಯತಕ್ಕದ್ದೆಂಬುದನ್ನು 1985ರ ಅಶೋಕ್ ಕುಮಾರ್ ಯಾದವ್ ಪ್ರಕರಣವು ಸ್ಪಷ್ಟಪಡಿಸಿತು. ಕೇಂದ್ರ ಸರ್ಕಾರವಂತೂ 2016ರ ಜನವರಿ 1ರಿಂದ ತನ್ನ ‘ಸಿ’ ಗುಂಪಿನ ಹಾಗೂ ಗೆಜೆಟೆಡ್ ಅಲ್ಲದ ‘ಬಿ’ ಗುಂಪಿನ ಹುದ್ದೆಗಳಿಗೆ ಸಂದರ್ಶನವನ್ನೇ ತೆಗೆದುಹಾಕಿತು.

ಮದುವೆಯ ಪ್ರಶ್ನೆ

ನನ್ನ ಸೋದರಸೊಸೆಗೆ ಎದುರಾದ ಎರಡನೆಯ ಪ್ರಶ್ನೆಗೆ ಕನ್ನಡನಾಡಿನದೇ ಒಂದು ಪೂರ್ವಕಥೆಯಿದೆ. ಕೊಡಗಿನ ಸಿ. ಬಿ. ಮುತ್ತಮ್ಮನವರು ಭಾರತೀಯ ವಿದೇಶಾಂಗ ಸೇವೆಗೆ ಸೇರಿದ ಪ್ರಥಮ ಮಹಿಳೆ. ಮದುವೆಯಾಗಬೇಕಾದರೆ ಸರ್ಕಾರದ ಅಪ್ಪಣೆ ಬೇಕೆಂಬ, ವಿವಾಹಿತೆಗೆ ನೇಮಕ ಹೊಂದುವ ಹಕ್ಕಿಲ್ಲವೆಂಬ ನಿಯಮಗಳನ್ನೊಳಗೊಂಡ ಆ ಸೇವೆಯಲ್ಲಿ ದಶಕಗಳನ್ನು ಕಳೆದು, ಬಡ್ತಿ ನಿರಾಕರಿಸಲ್ಪಟ್ಟಾಗ ಅವರು ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕರು. ಲೋಕಸೇವಾ ಆಯೋಗದ ಅಂದಿನ ಅಧ್ಯಕ್ಷರು ತಮ್ಮನ್ನು ವಿದೇಶಾಂಗ ಸೇವೆಯಿಂದ ವಿಮುಖಗೊಳಿಸಲು ಯತ್ನಿಸಿದರೆಂದೂ, ಮೌಖಿಕ ಪರೀಕ್ಷೆಯಲ್ಲಿ ಕನಿಷ್ಠ ಅಂಕ ಕೊಡಿಸಿದ್ದಾಗಿ ಆಮೇಲೆ ಆ ಅಧ್ಯಕ್ಷರೇ ಹೇಳಿದರೆಂದೂ ಅರ್ಜಿಯಲ್ಲಿ ನಿವೇದಿಸಿದರು. ಅಷ್ಟರಲ್ಲಿ ಅವರಿಗೆ ಬಡ್ತಿ ದೊರೆತದ್ದರಿಂದ ಅರ್ಜಿ ಮುಕ್ತಾಯಗೊಂಡಿತಾದರೂ, 1979ರ ಆ ತೀರ್ಪಿನಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು ಇಂಥ ನಿಯಮಗಳನ್ನು ಕಟುವಾಗಿ ಖಂಡಿಸಿ, ಸೇವಾನಿಯಮಗಳಲ್ಲಿ ಉಳಿದಿರಬಹುದಾದ ಲಿಂಗಭೇದವನ್ನು ತೊಡೆದುಹಾಕುವಂತೆ ಸರ್ಕಾರಕ್ಕೆ ಸೂಚಿಸಿದರು. ಮದುವೆಯನ್ನು ಕುರಿತ ಒಂದು ಪ್ರಶ್ನೆಯಿಂದಲೇ ಆಯ್ಕೆ ರದ್ದಾಗುವುದಿಲ್ಲ. ಆ ಉತ್ತರವೇ ಅಂಕವನ್ನು ನಿರ್ಧರಿಸಿತೆಂಬುದಕ್ಕೆ ಸಾಕ್ಷ್ಯ ಬೇಕು.

ಕಾಗದಗಳನ್ನು ಪಡೆಯುವ ಬಗೆ

ಸಾಕ್ಷ್ಯವೆಂದರೆ ಕಾಗದ. ಅಧಿಸೂಚನೆ, ಅರ್ಜಿಯ ಪ್ರತಿ, ಹಾಲ್ ಟಿಕೆಟ್, ಕಾಲ್ ಲೆಟರ್ ಇವನ್ನು ಜೋಪಾನಮಾಡಬೇಕು. ಸಂದರ್ಶನ ಮುಗಿದ ದಿನವೇ, ಕೇಳಿದ ಪ್ರಶ್ನೆಗಳನ್ನು ವೇಳೆಯೊಡನೆ ಬರೆದಿಟ್ಟುಕೊಳ್ಳಬೇಕು. ಉಳಿದುದನ್ನು ಪಡೆಯಲು 2005ರ ಮಾಹಿತಿ ಹಕ್ಕು ಕಾಯ್ದೆಯಿದೆ. ಆ ಸಂಸ್ಥೆಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ 10 ರೂಪಾಯಿಯ ಪೋಸ್ಟಲ್ ಆರ್ಡರಿನೊಡನೆ ಅರ್ಜಿ ಸಲ್ಲಿಸಬೇಕು. ಬಡತನದ ರೇಖೆಗಿಂತ ಕೆಳಗಿರುವವರಿಗೆ ಶುಲ್ಕವಿಲ್ಲ. ಉತ್ತರಕ್ಕೆ 30 ದಿನಗಳ ಅವಧಿ. ಬಾರದಿದ್ದರೆ ಅಥವಾ ತೃಪ್ತಿಯಾಗದಿದ್ದರೆ ಮುಂದಿನ 30 ದಿನಗಳಲ್ಲಿ ಅದೇ ಸಂಸ್ಥೆಯ ಮೇಲಧಿಕಾರಿಗೆ ಪ್ರಥಮ ಮೇಲ್ಮನವಿ, ಅದಾದಮೇಲೆ 90 ದಿನಗಳಲ್ಲಿ ಮಾಹಿತಿ ಆಯೋಗಕ್ಕೆ ದ್ವಿತೀಯ ಮೇಲ್ಮನವಿ. “ನನಗೇಕೆ ಅನ್ಯಾಯವಾಯಿತು?” ಎಂದು ಬರೆದರೆ ಅದು ಮಾಹಿತಿಯ ಕೋರಿಕೆಯಾಗುವುದಿಲ್ಲ. ನನ್ನ ಲಿಖಿತ ಹಾಗೂ ಸಂದರ್ಶನದ ಅಂಕಗಳು, ನನ್ನ ವರ್ಗದಲ್ಲಿ ಕಡೆಯದಾಗಿ ಆಯ್ಕೆಯಾದವರ ಒಟ್ಟು ಅಂಕ, ಸಂದರ್ಶನದ ಅಂಕ ನೀಡಲು ಅನುಸರಿಸಿದ ಮಾನದಂಡ ಎಂದು ಖಚಿತವಾಗಿ ಕೇಳಬೇಕು. ಸಂದರ್ಶಕರ ಹೆಸರನ್ನು ಕೇಳಿ ಪ್ರಯೋಜನವಿಲ್ಲ. ಅದನ್ನು ಬಹಿರಂಗಪಡಿಸಬೇಕಾಗಿಲ್ಲವೆಂದು ಬಿಹಾರ ಲೋಕಸೇವಾ ಆಯೋಗದ ಪ್ರಕರಣದಲ್ಲಿ 2012ರಲ್ಲಿಯೇ ನಿರ್ಣಯವಾಗಿದೆ.

ಯಾವ ಬಾಗಿಲು, ಎಷ್ಟು ದಿನ?

ರಾಜ್ಯ ಸರ್ಕಾರದ ಇಲಾಖೆಯ ನೇಮಕಾತಿಯ ವ್ಯಾಜ್ಯವು ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿಗೆ, ಅಂದರೆ ಜನರು ಕೆ.ಎ.ಟಿ. ಎನ್ನುವ ಪೀಠಕ್ಕೆ, ಸಾಮಾನ್ಯವಾಗಿ ಒಂದು ವರ್ಷದೊಳಗೆ ಹೋಗಬೇಕು. ಕೇಂದ್ರದ ಇಲಾಖೆಯದಾದರೆ ಕೇಂದ್ರ ಆಡಳಿತ ನ್ಯಾಯಮಂಡಳಿಗೆ. ರಾಜ್ಯದ ನಿಗಮ ಮಂಡಳಿಗಳ ವಿರುದ್ಧ 226ನೆಯ ವಿಧಿಯ ರಿಟ್ ಅರ್ಜಿಯನ್ನು ಉಚ್ಚ ನ್ಯಾಯಾಲಯದ ಬೆಂಗಳೂರು, ಧಾರವಾಡ ಅಥವಾ ಕಲಬುರಗಿ ಪೀಠದಲ್ಲಿ ಸಲ್ಲಿಸಬೇಕು. ಮಹಿಳೆಯರಿಗೂ ಪರಿಶಿಷ್ಟ ಜಾತಿ ಪಂಗಡದವರಿಗೂ ಅಂಗವಿಕಲರಿಗೂ 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯನ್ವಯ, ಆದಾಯದ ಮಿತಿಯಿಲ್ಲದೆ, ಉಚಿತ ನೆರವುಂಟು. ಜಿಲ್ಲಾ ನ್ಯಾಯಾಲಯದ ಆವರಣದಲ್ಲಿ ವಿಚಾರಿಸಬಹುದು, 15100ಕ್ಕೆ ಕರೆಮಾಡಬಹುದು.

ಎರಡು ಎಚ್ಚರಿಕೆಗಳು ಇಲ್ಲಿ ಅಗತ್ಯ. ಆಯ್ಕೆಯ ಕ್ರಮವೇ ದೋಷಯುಕ್ತವೆಂದು ಕಂಡರೆ ಸಂದರ್ಶನಕ್ಕೆ ಮುಂಚೆಯೇ ಲಿಖಿತವಾಗಿ ಆಕ್ಷೇಪಿಸಬೇಕು. ತಕರಾರಿಲ್ಲದೆ ಹಾಜರಾಗಿ, ಫಲ ಪ್ರತಿಕೂಲವಾದ ಮೇಲೆ ಕ್ರಮವನ್ನು ಹಳಿಯುವವರಿಗೆ ನ್ಯಾಯಾಲಯಗಳು ಸಾಮಾನ್ಯವಾಗಿ ಕಿವಿಗೊಡುವುದಿಲ್ಲ. ಎರಡನೆಯದಾಗಿ, ಪಟ್ಟಿಯಲ್ಲಿ ಹೆಸರು ಬಂದ ಮಾತ್ರಕ್ಕೆ ನೇಮಕದ ಹಕ್ಕು ಹುಟ್ಟುವುದಿಲ್ಲವೆಂದು 1991ರ ಶಂಕರ್‌ಸನ್ ದಾಶ್ ಪ್ರಕರಣವು ಸಾರಿತು. ಆದರೆ ನೇಮಕಾತಿ ಆರಂಭವಾದ ನಂತರ ಅರ್ಹತೆಯ ನಿಯಮವನ್ನು, ಅಧಿಸೂಚನೆಯೋ ನಿಯಮಗಳೋ ಅವಕಾಶವೀಯದಿದ್ದಲ್ಲಿ, ನಡುವೆ ಬದಲಿಸಕೂಡದೆಂದು 2024ರ ನವೆಂಬರಿನಲ್ಲಿ ಸಂವಿಧಾನ ಪೀಠವು ದೃಢಪಡಿಸಿತು.

ಖಾಸಗಿ ಕಂಪನಿಯಾದರೆ

ಖಾಸಗಿ ಮಾಲೀಕನು ಕಾರಣ ಹೇಳದೆಯೇ ನಿರಾಕರಿಸಬಹುದು. ಆದರೂ ಆತನ ಸ್ವಾತಂತ್ರ್ಯಕ್ಕೆ ಎಲ್ಲೆಗಳುಂಟು. ನೇಮಕಾತಿಯಲ್ಲಿ ಲಿಂಗಭೇದ ಸಲ್ಲದೆಂದು 1976ರ ಸಮಾನ ವೇತನ ಕಾಯ್ದೆ ಹೇಳಿದ್ದನ್ನು 2019ರ ವೇತನ ಸಂಹಿತೆಯೂ ಹೇಳುತ್ತದೆ. ಸಂದರ್ಶನಕ್ಕೆ ಬಂದವಳು ಉದ್ಯೋಗಿಯಲ್ಲದಿದ್ದರೂ, ಅಲ್ಲಿ ಲೈಂಗಿಕ ಕಿರುಕುಳವಾದರೆ 2013ರ ಕಾಯ್ದೆಯಂತೆ ಮೂರು ತಿಂಗಳೊಳಗೆ ಕಂಪನಿಯ ಆಂತರಿಕ ಸಮಿತಿಗೆ ದೂರಬಹುದು. ಆಫರ್ ಲೆಟರಿಗೆ ಲಿಖಿತ ಸಮ್ಮತಿ ಕಳುಹಿಸಿದ ಮೇಲೆ ಅದನ್ನು ಹಿಂತೆಗೆದುಕೊಂಡರೆ, 1872ರ ಕರಾರು ಕಾಯ್ದೆಯಡಿ ಆದ ನಷ್ಟಕ್ಕೆ ಪರಿಹಾರ ಕೇಳಬಹುದು. ಕೆಲಸವನ್ನೇ ಕೊಡಿಸೆಂದು ಕೇಳಲಾಗದು. ಕೆಲಸಕ್ಕಾಗಿ ಠೇವಣಿ ಕೇಳಿದರೆ ಅದು ವಂಚನೆಯ ಲಕ್ಷಣವೆಂದೇ ತಿಳಿಯಬೇಕು. ಆನ್‌ಲೈನಿನಲ್ಲಿ ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆಮಾಡಬೇಕು.

ಇನ್ನು ನನ್ನ ಸೋದರಸೊಸೆಯ ಕಥೆ. ಮಾಹಿತಿ ಅಧಿಕಾರಿಯ ಉತ್ತರವು ಇಪ್ಪತ್ತೇಳನೆಯ ದಿನ ಅಂಚೆಯಲ್ಲಿ ಬಂತು. ಲಿಖಿತ ಪರೀಕ್ಷೆಯಲ್ಲಿ 85ಕ್ಕೆ 51. ಸಂದರ್ಶನದಲ್ಲಿ 15ಕ್ಕೆ 6. ಆಕೆಯ ವರ್ಗದಲ್ಲಿ ಕಡೆಯದಾಗಿ ಆಯ್ಕೆಯಾದವರದು 68. ಹಾಳೆಯ ಅಂಚಿನಲ್ಲಿ ಆಕೆ ಪೆನ್ಸಿಲಿನಿಂದ ಕೂಡಿ ನೋಡಿದಳು: ಸಂದರ್ಶನದಲ್ಲಿ ಪೂರ್ಣ ಹದಿನೈದನ್ನೂ ಕೊಟ್ಟಿದ್ದರೂ 66. ರಿಟ್ ಅರ್ಜಿಯ ಮಾತು ಅಲ್ಲಿಗೆ ನಿಂತಿತು. ಆದರೆ ಮದುವೆಯ ಪ್ರಶ್ನೆಯನ್ನು ಕುರಿತು, ದಿನ ವೇಳೆಗಳ ಸಹಿತ ಅರ್ಧ ಪುಟದ ದೂರೊಂದನ್ನು ನಿಗಮದ ವ್ಯವಸ್ಥಾಪಕ ನಿರ್ದೇಶಕರಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳುಹಿಸಿದಳು. “ಕೆಲಸ ಕೇಳಿಲ್ಲ ಮಾಮಾ, ಮುಂದಿನ ಹುಡುಗಿಗೆ ಹಂಗ ಕೇಳಬ್ಯಾಡ್ರಿ ಅಂತ ಬರದೇನಿ,” ಎಂದಳು. ಮೇಜಿನ ಮೇಲೆ ಮತ್ತೊಂದು ಇಲಾಖೆಯ ಅಧಿಸೂಚನೆಯಿತ್ತು. ಹನ್ನೊಂದನೆಯ ಪುಟದವರೆಗೆ ಪೆನ್ಸಿಲಿನ ಗೆರೆಗಳು ಬಿದ್ದಿದ್ದವು.