ಜೇಬಿನಲ್ಲಿ ಸಿಕ್ಕ ವಸ್ತು



ಇದು ಪೆನ್ನಿನ ಹಾಗಿದೆ. ಆದರೆ ಪೆನ್ನಲ್ಲ. ಒಳಗೆ ಬ್ಯಾಟರಿ ಇದೆ. ಸ್ವಲ್ಪ ದ್ರವ ಇದೆ. ಬಾಯಲ್ಲಿಟ್ಟು ಎಳೆದರೆ ದ್ರವ ಬಿಸಿಯಾಗುತ್ತದೆ. ಹೊಗೆಯ ಹಾಗೆ ಆವಿ ಬರುತ್ತದೆ. ಇದಕ್ಕೆ ಇ-ಸಿಗರೇಟು ಎಂದು ಹೆಸರು. ಕಾಲೇಜು ಮಕ್ಕಳು ‘ವೇಪ್’ ಅಂತಾರೆ.

ಇದಕ್ಕೆ ಬೀಡಿಯ ನಾತ ಇಲ್ಲ. ಮಾವಿನ ಹಣ್ಣಿನ ವಾಸನೆ, ಪುದೀನ ವಾಸನೆ. ಅದಕ್ಕೇ ಮನೆಯಲ್ಲಿ ಗೊತ್ತಾಗಲ್ಲ. ಬಟ್ಟೆ ಒಗೆಯುವಾಗ ಪ್ಯಾಂಟಿನ ಜೇಬಲ್ಲಿ ಸಿಕ್ಕರೂ, ಏನೋ ಮೊಬೈಲ್ ಸಾಮಾನು ಅಂತ ನಾವೇ ಎತ್ತಿಡುತ್ತೇವೆ!

ವಿಜಯನಗರ, ರಾಜಾಜಿನಗರ, ಬಸವೇಶ್ವರನಗರ, ಕೆಂಗೇರಿ ಕಡೆಯಿಂದ ಎಷ್ಟೋ ಮಕ್ಕಳು ಜ್ಞಾನಭಾರತಿಗೆ, ಬೇರೆ ಕಾಲೇಜುಗಳಿಗೆ ಹೋಗುತ್ತಾರೆ. ತಾಯಂದಿರು ಗಾರ್ಮೆಂಟ್ಸ್‌ನಲ್ಲಿ ದುಡಿದು ಫೀಸು ಕಟ್ಟುತ್ತಾರೆ. ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲ ಮಗು ಅದು. ಆ ಮಗುವಿನ ತಲೆಯ ಮೇಲೆ ಎಷ್ಟು ಭಾರ ಇರುತ್ತದೆ!

“ಪರೀಕ್ಷೆ ಟೆನ್ಷನ್ನಮ್ಮ, ಎರಡು ಸಲ ಎಳೆದರೆ ಮನಸ್ಸು ಹಗುರ ಆಗುತ್ತೆ” ಅಂತಾರೆ ಮಕ್ಕಳು. ಈ ಮಾತು ಪೂರ್ತಿ ಸುಳ್ಳಲ್ಲ. ಆ ದ್ರವದಲ್ಲಿ ಹೆಚ್ಚಾಗಿ ನಿಕೋಟಿನ್ ಇರುತ್ತದೆ. ಹೊಗೆಸೊಪ್ಪಿನಲ್ಲಿ ಇರುವುದೂ ಅದೇ. ಅದು ಕೆಲವೇ ಸೆಕೆಂಡಿನಲ್ಲಿ ಮೆದುಳಿಗೆ ಹೋಗುತ್ತದೆ. ಆಗ ಹಾಯೆನಿಸುತ್ತದೆ. ಆದರೆ ಅದು ಇಳಿದ ಮೇಲೆ?

ಹೊಗೆಸೊಪ್ಪು ಹಾಕುವ ಅಜ್ಜಿಗೆ ಒಂದು ದಿನ ಅದು ಸಿಗದಿದ್ದರೆ ಏನಾಗುತ್ತೆ ಅಂತ ನಮಗೆಲ್ಲ ಗೊತ್ತು. ತಲೆನೋವು. ಎಲ್ಲರ ಮೇಲೂ ಸಿಡುಕು. ಮಕ್ಕಳಿಗೂ ಹಾಗೇ. ಕಳವಳ ಶುರುವಾಗುತ್ತದೆ. ನಿದ್ದೆ ಕೆಡುತ್ತದೆ. ಪುಸ್ತಕದ ಮೇಲೆ ಮನಸ್ಸು ನಿಲ್ಲುವುದಿಲ್ಲ. ಮತ್ತೆ ಎಳೆದರೆ ಕಳವಳ ಇಳಿಯುತ್ತದೆ. ವೇಪ್ ತಂದ ಕಳವಳವನ್ನು ವೇಪೇ ಇಳಿಸುತ್ತದೆ. ಕೈಸಾಲ ತೀರಿಸಲು ಇನ್ನೊಂದು ಕೈಸಾಲ ಮಾಡಿದ ಹಾಗೆ. ಮೆದುಳು ಸುಮಾರು 25 ವರ್ಷದವರೆಗೂ ಬೆಳೆಯುತ್ತಿರುತ್ತದೆ. ಆದ್ದರಿಂದ ಈ ವಯಸ್ಸಿನಲ್ಲಿ ಚಟ ಬೇಗ ಅಂಟುತ್ತದೆ.

ಇನ್ನೊಂದು ಮಾತು. ಮೊದಲೇ ದುಃಖ, ಒಂಟಿತನ ಇರುವ ಮಕ್ಕಳೂ ಇದರ ಕಡೆ ಹೋಗುತ್ತಾರೆ. ಹಳ್ಳಿಯಿಂದ ಬಂದು ಪಿ.ಜಿ.ಯಲ್ಲಿ ಇರುವವರು, ಪರೀಕ್ಷೆಯಲ್ಲಿ ಫೇಲಾದವರು. ಹಾಗಾಗಿ ವಸ್ತುವನ್ನು ಕಿತ್ತು ಎಸೆದರೆ ಸಾಲದು. “ನಿದ್ದೆ ಬರುತ್ತಾ ಮಗ? ಊಟ ಯಾಕೆ ಬಿಟ್ಟೆ?” ಅಂತ ಕೇಳಬೇಕು. ಬೈದರೆ ಮಗು ಬಚ್ಚಿಡುವುದನ್ನು ಕಲಿಯುತ್ತದೆ, ಅಷ್ಟೇ.

ನಮ್ಮ ಕರ್ನಾಟಕ ಇ-ಸಿಗರೇಟನ್ನು 2016ರಲ್ಲೇ ನಿಷೇಧಿಸಿತು. 2019ರಲ್ಲಿ ಇಡೀ ದೇಶಕ್ಕೆ ಕಾನೂನು ಬಂತು. ಮಾರಿ ಸಿಕ್ಕಿಬಿದ್ದರೆ ಮೊದಲ ಸಲ 1 ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಆದರೂ ಕದ್ದುಮುಚ್ಚಿ ಮಾರುತ್ತಾರೆ.

ಬಿಡುವಾಗ ಮೊದಲ ಕೆಲವು ದಿನ ಬಹಳ ಕಷ್ಟ. ಸಿಟ್ಟು ಬರುತ್ತದೆ. ಆಗ ಮನೆಯವರು ತಾಳಿಕೊಳ್ಳಬೇಕು. ಕೆಲವು ವಾರದಲ್ಲಿ ಇಳಿಯುತ್ತದೆ. ಚಟ ಬಿಡಲು 1800112356ಕ್ಕೆ ಫೋನು ಮಾಡಬಹುದು. ಮನಸ್ಸಿನ ತೊಂದರೆಗೆ ‘ಟೆಲಿ ಮಾನಸ್’ ಇದೆ. ನಂಬರು 14416. ಇದು 2022ರಲ್ಲಿ ಶುರುವಾಯಿತು. ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು. ದುಡ್ಡು ಬೇಡ. “ಬದುಕೋದು ಬೇಡ” ಅಂತ ಮಗು ಒಂದು ಸಲ ಅಂದರೂ ಕಾಯಬೇಡಿ. ಒಂಟಿಯಾಗಿ ಬಿಡಬೇಡಿ. ಕೂಡಲೇ ಫೋನು ಮಾಡಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಮಾತಾಡೋಣ:
ವೇಪ್ ಯಾಕೆ ಮನೆಯಲ್ಲಿ ಗೊತ್ತಾಗುವುದಿಲ್ಲ?
ಮಗು ಸಿಡುಕಿದಾಗ ನೀವು ಮೊದಲು ಏನು ಕೇಳುತ್ತೀರಿ?

ಬರೆಯೋಣ:
ಕಳವಳ, ನಿಷೇಧ, ಒಂಟಿತನ.
14416 ಎಂದು ದೊಡ್ಡದಾಗಿ ಬರೆದು ಮನೆಯ ಕ್ಯಾಲೆಂಡರಿನ ಪಕ್ಕ ಅಂಟಿಸಿ.