ಬೆಳ್ಳುಳ್ಳಿ ನೆಡಲು ಅಕ್ಟೋಬರ್ ತಪ್ಪಿಸಬೇಡಿ

ಹೈದರಾಬಾದಿನ ಹಿತ್ತಲುಗಳಲ್ಲಿ, ತಾರಸಿಯ ಕುಂಡಗಳಲ್ಲಿ ಬೆಳ್ಳುಳ್ಳಿ ನೆಟ್ಟವರ ದೂರು ಹೆಚ್ಚುಕಡಿಮೆ ಒಂದೇ. ಗಿಡ ಚೆನ್ನಾಗಿ ಬಂತು, ಎಲೆ ಹಸಿರಾಗಿ ನಿಂತಿತು, ಕಿತ್ತು ನೋಡಿದರೆ ಬುಡದಲ್ಲಿ ಗಡ್ಡೆಯೇ ಇಲ್ಲ. ಇದ್ದರೂ ಎಸಳಾಗಿ ಒಡೆಯದ ಸಣ್ಣ ಉಂಡೆ. ಗೊಬ್ಬರ ಸಾಲಲಿಲ್ಲವೆಂದು ಮುಂದಿನ ಸಲ ಇನ್ನೆರಡು ಬುಟ್ಟಿ ಸಗಣಿ ಗೊಬ್ಬರ ಸುರಿಯುತ್ತಾರೆ. ಆಗ ಎಲೆ ಇನ್ನೂ ದಟ್ಟವಾಗುತ್ತದೆ, ಗಡ್ಡೆ ಮಾತ್ರ ಹಾಗೇ ಉಳಿಯುತ್ತದೆ. ತಪ್ಪು ಮಣ್ಣಿನಲ್ಲಿಲ್ಲ, ನೆಟ್ಟ ತಾರೀಖಿನಲ್ಲಿದೆ. ಅಡುಗೆಮನೆಯ ಬುಟ್ಟಿಯಲ್ಲಿ ಮೊಳಕೆ ಬಂದ ಎಸಳು ಕಂಡ ದಿನವೇ ನೆಡುವ ದಿನವೆಂದು ನಾವು ತಿಳಿದಿದ್ದೇವೆ. ಮೊಳಕೆ ಜುಲೈನಲ್ಲೂ ಬರಬಹುದು, ಸಂಕ್ರಾಂತಿ ಕಳೆದ ಮೇಲೂ ಬರಬಹುದು. ಎಸಳು ಚಿಗುರುವುದಕ್ಕೂ ಗಡ್ಡೆ ಕಟ್ಟುವುದಕ್ಕೂ ಬೇಕಾದ ಹವೆ ಬೇರೆ ಬೇರೆ.

ಬೆಳ್ಳುಳ್ಳಿಗೆ ಮೊದಲು ತಂಪು ಬೇಕು. ಆ ತಂಪಿನಲ್ಲಿ ಬೇರು ಇಳಿದು ಎಲೆಗಳು ಒಂದೊಂದಾಗಿ ಹೊರಡುತ್ತವೆ. ಆಮೇಲೆ ಹಗಲು ಉದ್ದವಾಗುತ್ತ, ಬಿಸಿಲು ಏರುತ್ತ ಬಂದಂತೆ ಗಿಡ ಎಲೆ ಹಾಕುವುದನ್ನು ಬಿಟ್ಟು ಗಡ್ಡೆ ಕಟ್ಟಲು ತೊಡಗುತ್ತದೆ. ಆ ಹೊತ್ತಿಗೆ ಗಿಡದಲ್ಲಿ ಎಷ್ಟು ಎಲೆ ಇದೆಯೋ ಅದರ ಮೇಲೆಯೇ ಗಡ್ಡೆಯ ಗಾತ್ರ ನಿಂತಿದೆ. ಹೈದರಾಬಾದಿನಲ್ಲಿ ಚಳಿಯೆನ್ನುವಂಥ ದಿನಗಳು ಡಿಸೆಂಬರ್, ಜನವರಿಯಲ್ಲಿ ಮಾತ್ರ. ಆಗ ರಾತ್ರಿಯ ಉಷ್ಣತೆ 15 ಡಿಗ್ರಿಯ ಆಸುಪಾಸಿಗೆ, ಕೆಲವು ದಿನ ಅದಕ್ಕೂ ಕೆಳಗೆ ಇಳಿಯುತ್ತದೆ. ಮಾರ್ಚಿನಲ್ಲಿ ಮಧ್ಯಾಹ್ನ 35 ಡಿಗ್ರಿ ದಾಟುತ್ತದೆ. ಅಕ್ಟೋಬರಿನಲ್ಲಿ ನೆಟ್ಟ ಗಿಡ ಚಳಿ ಬರುವ ಮೊದಲೇ ಬೇರೂರಿ, ಇಡೀ ಚಳಿಗಾಲವನ್ನು ಎಲೆ ಬೆಳೆಸಲು ಬಳಸಿಕೊಳ್ಳುತ್ತದೆ. ಜನವರಿಯಲ್ಲಿ ನೆಟ್ಟದ್ದಕ್ಕೆ ನಾಲ್ಕೈದು ಎಲೆ ಬರುವಷ್ಟರಲ್ಲಿ ಬಿಸಿಲು ಮೇಲೆ ಬಿದ್ದಿರುತ್ತದೆ. ಮೂರು ತಿಂಗಳ ನಷ್ಟವನ್ನು ಯಾವ ಗೊಬ್ಬರವೂ ತುಂಬಿಕೊಡದು. ಹಬ್ಬದ ಲೆಕ್ಕ ಬೇಕೆನ್ನುವವರು ಬತುಕಮ್ಮ ಮುಗಿದು ದೀಪಾವಳಿ ಬರುವುದರೊಳಗೆ ಎಂದು ನೆನಪಿಟ್ಟುಕೊಳ್ಳಬಹುದು. ಆದರೆ ಹಬ್ಬಗಳು ವರ್ಷದಿಂದ ವರ್ಷಕ್ಕೆ ಸರಿಯುತ್ತವೆ, ಅಕ್ಟೋಬರ್ ಸರಿಯುವುದಿಲ್ಲ. ನವೆಂಬರ್ ಮೊದಲ ವಾರ ಕೊನೆಯ ಗಡುವು.

ಊರಲ್ಲಿ ಮುಂಗಾರಿಗೇ ಬೆಳ್ಳುಳ್ಳಿ ಹಾಕುತ್ತಾರಲ್ಲ ಎಂದು ಗದಗ, ರಾಣೆಬೆನ್ನೂರು ಕಡೆಯಿಂದ ಬಂದವರು ಕೇಳುವುದುಂಟು. ಮಾತು ನಿಜ. ಆದರೆ ಅಲ್ಲಿ ಮಳೆಗಾಲದಲ್ಲಿ ಬೆಳೆಯುವುದು ಆ ಮಣ್ಣಿಗೂ ಮಳೆಗೂ ಒಗ್ಗಿದ ನಾಟಿ ತಳಿ. ಹೈದರಾಬಾದಿನ ಅಂಗಡಿಗಳಲ್ಲಿ ಅದು ಸುಲಭವಾಗಿ ಸಿಗುವುದಿಲ್ಲ, ಇಲ್ಲಿನ ಕುಂಡದಲ್ಲಿ ಜುಲೈ ಮಳೆಯ ನೀರು ನಿಂತರೆ ಎಸಳು ಕೊಳೆಯುತ್ತದೆ. ಇನ್ನು ಕೆಲವರು ಅಕ್ಟೋಬರಿನ ಮಳೆಗೆ ಹೆದರುತ್ತಾರೆ. 2020ರ ಅಕ್ಟೋಬರ್ ಮಧ್ಯದಲ್ಲಿ ನಗರ ಮುಳುಗಿದ್ದನ್ನು ಕಂಡವರ ಹೆದರಿಕೆ ಅಕಾರಣವೇನಲ್ಲ. ಅದಕ್ಕೆ ಪರಿಹಾರ ಏರುಮಡಿ, ನೀರು ಬಸಿಯುವ ಕುಂಡ, ಡಿಸೆಂಬರಿನವರೆಗೆ ಕಾಯುವುದಲ್ಲ. ಎಸಳನ್ನು ಕೆಲವು ವಾರ ಫ್ರಿಜ್ಜಿನಲ್ಲಿಟ್ಟು ಆಮೇಲೆ ನೆಟ್ಟರಾಗದೇ ಎಂಬ ಪ್ರಶ್ನೆಯೂ ಇದೆ. ತಂಪು ಉಂಡ ಎಸಳು ಬೇಗ ಮೊಳೆಯುತ್ತದೆ, ಗಡ್ಡೆ ಕಟ್ಟಲೂ ಬೇಗ ತೊಡಗುತ್ತದೆ. ಆದರೆ ಎಲೆ ಬೆಳೆಯಲು ಬೇಕಾದ ತಂಪು ದಿನಗಳನ್ನು ಫ್ರಿಜ್ಜು ಕೊಡಲಾರದು. ಬೇಗ ಕಟ್ಟಿದ ಗಡ್ಡೆ ಸಣ್ಣದೇ. ನನಗೆ ಬೆಳ್ಳುಳ್ಳಿ ಸೊಪ್ಪು ಸಿಕ್ಕರೆ ಸಾಕು ಎನ್ನುವವರು ವರ್ಷದ ಬಹುಪಾಲು ನೆಟ್ಟುಕೊಳ್ಳಲಿ, ಅದಕ್ಕೆ ಈ ಕಟ್ಟುಪಾಡು ಯಾವುದೂ ಇಲ್ಲ.

ತಾರೀಖು ಸರಿಯಾದರೂ ತಳಿ ತಪ್ಪಿದರೆ ಫಲ ಅದೇ. ಗುಡ್ಡಗಾಡಿನ ಉದ್ದ ಹಗಲಿನ ತಳಿಗಳ ಎಸಳು ದಪ್ಪ, ಸುಲಿಯುವುದು ಸುಲಭ, ಹಾಗಾಗಿ ಕೈ ತಾನಾಗಿ ಅದರತ್ತಲೇ ಹೋಗುತ್ತದೆ. ನಾಸಿಕದ ರಾಷ್ಟ್ರೀಯ ತೋಟಗಾರಿಕಾ ಸಂಶೋಧನೆ ಮತ್ತು ಅಭಿವೃದ್ಧಿ ಪ್ರತಿಷ್ಠಾನದ ಅಗ್ರಿಫೌಂಡ್ ಪಾರ್ವತಿ ಅಂಥದೊಂದು. ಹಿಮಾಚಲ, ಕಾಶ್ಮೀರ, ಉತ್ತರಾಖಂಡಗಳಿಗೆಂದೇ ಬಂದ ತಳಿ. ಶ್ರೀನಗರದಲ್ಲಿ ಜೂನ್ ತಿಂಗಳ ಹಗಲು 14 ಗಂಟೆ ಮೀರುತ್ತದೆ. ಹೈದರಾಬಾದಿನಲ್ಲಿ ಡಿಸೆಂಬರ್ ಹಗಲು ಸುಮಾರು 11 ಗಂಟೆ, ಜೂನಿನಲ್ಲಿ 13 ಗಂಟೆಯನ್ನು ತುಸುವೇ ದಾಟುತ್ತದೆ. ಬೇಕಾದಷ್ಟು ಉದ್ದದ ಹಗಲನ್ನೇ ಕಾಣದ ಗಿಡ ಎಲೆಯಲ್ಲೇ ನಿಂತುಬಿಡುತ್ತದೆ. ನಮಗೆ ಬೇಕಾದದ್ದು ಬಯಲುಸೀಮೆಯ ತಳಿ: ಅದೇ ಪ್ರತಿಷ್ಠಾನದ ಯಮುನಾ ಸಫೇದ್, ಅಗ್ರಿಫೌಂಡ್ ವೈಟ್, ಇಲ್ಲವೇ ಪುಣೆ ಬಳಿಯ ರಾಜಗುರುನಗರದ ಈರುಳ್ಳಿ ಬೆಳ್ಳುಳ್ಳಿ ಸಂಶೋಧನಾ ಕೇಂದ್ರದ ಭೀಮಾ ಓಂಕಾರ್, ಭೀಮಾ ಪರ್ಪಲ್. ಇವು ಸಿಗದಿದ್ದರೆ ಮಲಕ್‌ಪೇಟೆ ಗಂಜಿನಲ್ಲೋ ಮೊಂಡಾ ಮಾರ್ಕೆಟ್ಟಿನಲ್ಲೋ ಮಾಲು ಯಾವ ಕಡೆಯದೆಂದು ಕೇಳಿ, ಮಧ್ಯಪ್ರದೇಶದ ಮಂದಸೌರ್, ನೀಮಚ್ ಕಡೆಯ ಬಯಲಿನ ಬೆಳ್ಳುಳ್ಳಿ ಆರಿಸಿಕೊಳ್ಳಿ. ಚೀನಾದ ಬೆಳ್ಳುಳ್ಳಿ ಎಂದು ಯಾರಾದರೂ ಕೊಟ್ಟರೆ ನೆಡಬೇಡಿ. ಶಿಲೀಂಧ್ರ ರೋಗದ ಭಯದಿಂದ 2014ರಲ್ಲಿ ಭಾರತ ಅದರ ಆಮದನ್ನು ನಿಷೇಧಿಸಿದೆ. ರೋಗವನ್ನು ನಿಮ್ಮ ಮಣ್ಣಿಗೆ ನೀವೇ ಕರೆತಂದಂತಾಗುತ್ತದೆ.

ಗಡ್ಡೆಯನ್ನು ನೆಡುವ ದಿನವೇ ಬಿಡಿಸಿ. ಹೊರಸುತ್ತಿನ ದಪ್ಪ ಎಸಳುಗಳನ್ನು ಮಾತ್ರ ಇಟ್ಟುಕೊಂಡು ನಡುವಿನ ಸಣ್ಣವನ್ನು ಒಗ್ಗರಣೆಗೆ ಬಳಸಿ. ಸಣ್ಣ ಎಸಳಿನಿಂದ ಸಣ್ಣ ಗಡ್ಡೆಯೇ ಬರುವುದು, ಇಲ್ಲಿ ಉಳಿತಾಯ ನೋಡಬಾರದು. ಸಿಪ್ಪೆ ಸುಲಿಯಬೇಡಿ. ದಿನಕ್ಕೆ ಆರು ಗಂಟೆಯಾದರೂ ಬಿಸಿಲು ಬೀಳುವ ಜಾಗ ಬೇಕು. ಕುಂಡವಾದರೆ ಒಂದಡಿ ಆಳವಿರಲಿ. ನಗರದ ಕೆಂಪು ಗರಸು ಮಣ್ಣಿಗೆ ಮೂರರಲ್ಲೊಂದು ಪಾಲು ಚೆನ್ನಾಗಿ ಕಳಿತ ಗೊಬ್ಬರ ಬೆರೆಸಿದರೆ ಸಾಕು, ಕಪ್ಪು ಮಣ್ಣಿದ್ದಲ್ಲಿ ಏರುಮಡಿ ಮಾಡಲೇಬೇಕು. ಹಿಂದಿನ ಬೆಳೆ ಈರುಳ್ಳಿಯಾಗಿದ್ದರೆ ಜಾಗ ಬದಲಿಸಿ. ಎಸಳಿನ ಚೂಪು ತುದಿ ಮೇಲಿರುವಂತೆ ನಾಲ್ಕೈದು ಸೆಂಟಿಮೀಟರ್ ಆಳಕ್ಕೆ ಊರಿ. ಸಾಲಿನಿಂದ ಸಾಲಿಗೆ 15, ಎಸಳಿನಿಂದ ಎಸಳಿಗೆ 10 ಸೆಂಟಿಮೀಟರ್ ಬಿಟ್ಟರೆ ಒಂದು ಚದರ ಮೀಟರಿನಲ್ಲಿ 65 ಎಸಳು ಹಿಡಿಸುತ್ತವೆ. ಇನ್ನೂ ಅಗಲ ಬಿಟ್ಟರೆ ಪಕ್ಕದಿಂದ ಬೇಡದ ಚಿಗುರು ಒಡೆಯುವ ಸಾಧ್ಯತೆ ಹೆಚ್ಚು.

ಬೆಳ್ಳುಳ್ಳಿಯ ಬೇರು ಮೇಲ್ಮಣ್ಣಿನಲ್ಲೇ ಹರಡುವುದರಿಂದ ಒಮ್ಮೆಲೇ ಹೆಚ್ಚು ನೀರು ಹಾಕುವುದಕ್ಕಿಂತ ಸ್ವಲ್ಪ ಸ್ವಲ್ಪ ಹಾಕುವುದು ಲೇಸು. ಬೆರಳಿಟ್ಟು ನೋಡಿ, ಮೇಲಿನ ಮಣ್ಣು ಒಣಗಿದ್ದರೆ ಹಾಕಿ. ಕಳೆ ಕೀಳುವಾಗ ಬೇರು ಅಲುಗದಂತೆ ಕೈಯಿಂದಲೇ ಕೀಳಿ. ಸಾರಜನಕದ ಗೊಬ್ಬರವನ್ನು, ಅದು ಯೂರಿಯಾ ಆಗಲಿ ಜೀವಾಮೃತವಾಗಲಿ, ನೆಟ್ಟ ಎರಡು ತಿಂಗಳ ನಂತರ ಪೂರ್ತಿ ನಿಲ್ಲಿಸಿ. ಅದನ್ನು ಮುಂದುವರಿಸಿದವರ ಗಿಡ ಗಡ್ಡೆ ಬಿಟ್ಟು ಎಲೆಗೆ ತಿರುಗುತ್ತದೆ, ಕಟ್ಟಿದ ಗಡ್ಡೆಯೂ ಮೆತ್ತಗೆ ರಬ್ಬರಿನಂತಾಗುತ್ತದೆ. ಎಲೆಯ ಮೇಲೆ ಬೆಳ್ಳಿಯಂಥ ಗೀರು ಕಂಡರೆ ಅದು ಥ್ರಿಪ್ಸ್. ಲೀಟರ್ ನೀರಿಗೆ 5 ಮಿಲಿಲೀಟರ್ ಬೇವಿನೆಣ್ಣೆ, ಎರಡು ಹನಿ ಸೋಪಿನ ದ್ರವ ಬೆರೆಸಿ ಸಂಜೆ ಸಿಂಪಡಿಸಿ.

ಫೆಬ್ರವರಿ ಕೊನೆಯಿಂದ ಮಾರ್ಚಿನೊಳಗೆ, ನೆಟ್ಟು 120ರಿಂದ 140 ದಿನಕ್ಕೆ, ಎಲೆ ಹಳದಿಯಾಗಿ ಬಾಗತೊಡಗುತ್ತದೆ. ಅದಕ್ಕೆ ಎರಡು ವಾರ ಮುಂಚೆಯೇ ನೀರು ನಿಲ್ಲಿಸಿರಬೇಕು. ಎಲೆಸಮೇತ ಕಿತ್ತು, ತೊಳೆಯದೆ, ಗಾಳಿಯಾಡುವ ನೆರಳಿನಲ್ಲಿ ಹತ್ತು ಹದಿನೈದು ದಿನ ಒಣಗಿಸಿ. ತಾರಸಿಯ ಮಾರ್ಚ್ ಬಿಸಿಲಿಗೆ ಹರಡಿದರೆ ಗಡ್ಡೆ ಬೆಂದು ಹೋಗುತ್ತದೆ. ಅತಿ ದೊಡ್ಡ ನಾಲ್ಕೈದು ಗಡ್ಡೆಗಳನ್ನು ತಿನ್ನದೆ, ಮುಂದಿನ ಅಕ್ಟೋಬರಿನ ಬಿತ್ತನೆಗೆ ತೂಗುಹಾಕಿಡಿ.