ಸೀಟಿ, ಮೈಕ್, ಸ್ಕ್ರೂಡ್ರೈವರ್: ಶಾಲೆಯ ಕ್ಲಬ್‌ನಲ್ಲಿ ಮುಂದೆ ಬರುವ ಸೂತ್ರಗಳು

ದೊಡ್ಡಬಳ್ಳಾಪುರದ ಬಾಶೆಟ್ಟಿಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಅಪ್ಪ-ಅಮ್ಮ ಶಿಫ್ಟ್ ಮುಗಿಸಿ ಮನೆಗೆ ಬರುವ ಹೊತ್ತಿಗೆ ಕತ್ತಲಾಗಿರುತ್ತದೆ. ಶಾಲೆಯ ಕೊನೆಯ ಬೆಲ್‌ಗೂ ಆ ಹೊತ್ತಿಗೂ ನಡುವಿನ ಸಂಜೆ ನಿಮ್ಮದು. ಅದನ್ನು ರೀಲ್ಸ್‌ಗೆ ಕೊಡಬೇಡಿ. ಹುಡುಗಿಯರ ಶಾಲೆಯಲ್ಲಿ ಓದುತ್ತಿದ್ದರಂತೂ ನಿಮಗೊಂದು ದೊಡ್ಡ ಅನುಕೂಲವಿದೆ. ಅಲ್ಲಿ ಸೀಟಿ ಊದುವವಳೂ ಹುಡುಗಿ, ಮೈಕ್ ಹಿಡಿಯುವವಳೂ ಹುಡುಗಿ, ಸ್ಪೀಕರ್ ಕೈಕೊಟ್ಟಾಗ ಸ್ಕ್ರೂಡ್ರೈವರ್ ಎತ್ತಿಕೊಳ್ಳುವವಳೂ ಹುಡುಗಿ. ‘ಹುಡುಗರು ನೋಡ್ಕೋತಾರೆ ಬಿಡು’ ಎನ್ನುವ ಮಾತಿಗೆ ಜಾಗವೇ ಇಲ್ಲ. ಹುಡುಗರೂ ಇರುವ ಶಾಲೆಯವರು ಇದೇ ಸೂತ್ರಗಳನ್ನು ಇನ್ನೂ ಗಟ್ಟಿಯಾಗಿ ಹಿಡಿಯಿರಿ.

1. ಒಂದೇ ಕ್ಲಬ್ ಆರಿಸಿ, ಒಂದು ವರ್ಷ ಬಿಡಬೇಡಿ.
ಗೆಳತಿ ಸೇರಿದಳೆಂದು ಸೇರಬೇಡಿ, ಅವಳು ಬಿಟ್ಟಳೆಂದು ಬಿಡಬೇಡಿ. ಜೂನ್‌ನಲ್ಲಿ ಕರಾಟೆ, ದಸರಾ ರಜೆಗೆ ಚಿತ್ರಕಲೆ, ಸಂಕ್ರಾಂತಿಗೆ ಗಿಟಾರ್ ಎಂದರೆ ಮೂರರಲ್ಲೂ ಆರಂಭದ ಪಾಠವಷ್ಟೇ ಆಗುತ್ತದೆ. ಬೋರ್ ಹೊಡೆಯುವ ತಿಂಗಳನ್ನು ದಾಟಿದ ಮೇಲೆಯೇ ಕೈ ಪಳಗುವುದು.

2. ಕೆಲಸ ಕೇಳಿ ಪಡೆಯಿರಿ.
ಹಾಜರಿ ಪುಸ್ತಕ, ಖರ್ಚಿನ ಲೆಕ್ಕ, ಸ್ವಾಗತ ಭಾಷಣ, ಏನಾದರೂ ಒಂದು ನಿಮ್ಮ ಹೆಸರಿನಲ್ಲಿರಲಿ. ಐನೂರು ರೂಪಾಯಿಯಲ್ಲಿ ವಿಜ್ಞಾನ ದಿನ ನಡೆಸಿ ಬಿಲ್ ಸಮೇತ ಲೆಕ್ಕ ಒಪ್ಪಿಸಿದ ಹುಡುಗಿಗೆ ನಾಳೆ ಇಂಟರ್‌ವ್ಯೂನಲ್ಲಿ ಹೇಳಲು ವಿಷಯವಿರುತ್ತದೆ. ಬರೀ ‘ಮೆಂಬರ್’ ಆಗಿದ್ದವಳಿಗೆ ಇರುವುದಿಲ್ಲ.

3. ಗದೆ ಹಿಡಿಯುವ ಪಾತ್ರವನ್ನೇ ಕೇಳಿ.
ನಾಟಕದಲ್ಲಿ ಭೀಮ, ಕಂಸ, ದುರ್ಯೋಧನ ಎಲ್ಲರೂ ನಿಮ್ಮ ನಡುವಿನಿಂದಲೇ ಬರಬೇಕು. ರಂಗಕಲಾವಿದೆ ಆರ್. ನಾಗರತ್ನಮ್ಮ 1958ರಲ್ಲಿ ಹೆಂಗಸರದ್ದೇ ಆದ ‘ಸ್ತ್ರೀ ನಾಟಕ ಮಂಡಳಿ’ ಕಟ್ಟಿದರು. ಪೌರಾಣಿಕ ನಾಟಕಗಳ ಗಂಡು ಪಾತ್ರಗಳಿಗೇ ಹೆಸರಾದರು. 2012ರಲ್ಲಿ ಪದ್ಮಶ್ರೀ ಬಂತು. ಹಿಂದಿನ ಬೆಂಚಿಗೆ ಕೇಳುವಂತೆ ಸಂಭಾಷಣೆ ಹೇಳಲು ಕಲಿತ ಗಂಟಲು ಸೆಮಿನಾರ್ ಹಾಲ್‌ನಲ್ಲೂ ನಡುಗುವುದಿಲ್ಲ.

4. ಕಂಪ್ಯೂಟರ್ ಕ್ಲಬ್ಬನ್ನು ಮಗ್ಗದಿಂದ ಶುರು ಮಾಡಿ.
ಕಂಪ್ಯೂಟರ್ ಲ್ಯಾಬ್ ಇಲ್ಲ ಎಂದು ಕೂರಬೇಡಿ. ದೊಡ್ಡಬಳ್ಳಾಪುರ ನೇಕಾರರ ಊರು, ನಿಮ್ಮ ತರಗತಿಯಲ್ಲೇ ಮಗ್ಗದ ಮನೆಯ ಹುಡುಗಿ ಇದ್ದಾಳು. ಅವರ ಮನೆಗೆ ಹೋಗಿ, ಮಗ್ಗದ ಮೇಲಿನ ಜಕಾರ್ಡ್ ಎಂಬ ಸಾಧನ ನೋಡಿ. ಸೀರೆಯ ಬಾರ್ಡರ್ ಮೊದಲು ಗ್ರಾಫ್ ಹಾಳೆಯಲ್ಲಿ ಮೂಡುತ್ತದೆ. ಆ ಚೌಕಗಳ ಪ್ರಕಾರ ರಟ್ಟಿನ ಕಾರ್ಡ್‌ಗೆ ತೂತು ಹೊಡೆಯುತ್ತಾರೆ. ತೂತು ಇದ್ದಲ್ಲಿ ಹಾಸಿನ ಎಳೆ ಮೇಲೇಳುತ್ತದೆ, ಇಲ್ಲದಲ್ಲಿ ಕೆಳಗೇ ಉಳಿಯುತ್ತದೆ. ನಡುವೆ ಲಾಳಿ ಓಡುತ್ತದೆ, ಮುಂದಿನ ಕಾರ್ಡ್ ಬರುತ್ತದೆ. ತೂತು ಉಂಟು, ಇಲ್ಲ, ಒಂದು, ಸೊನ್ನೆ. ಫ್ರಾನ್ಸಿನ ಜಕಾರ್ಡ್ 1804ರಲ್ಲಿ ರೂಪಿಸಿದ ಈ ಕಾರ್ಡ್‌ಗಳ ಉಪಾಯವನ್ನೇ ಇಂಗ್ಲೆಂಡಿನ ಗಣಿತಜ್ಞ ಚಾರ್ಲ್ಸ್ ಬ್ಯಾಬೇಜ್ ತನ್ನ ಲೆಕ್ಕದ ಯಂತ್ರಕ್ಕೆ ತೆಗೆದುಕೊಂಡ. ಆ ಯಂತ್ರ ಹೇಗೆ ಲೆಕ್ಕ ಮಾಡಬೇಕೆಂದು 1843ರಲ್ಲಿ ಹಂತ ಹಂತವಾಗಿ ಬರೆದು ಪ್ರಕಟಿಸಿದವಳು ಏಡಾ ಲವ್‌ಲೇಸ್ ಎಂಬ ಹೆಣ್ಣುಮಗಳು. ಈಗಿನ ಎಲೆಕ್ಟ್ರಾನಿಕ್ ಜಕಾರ್ಡ್‌ಗೆ ರಟ್ಟೂ ಬೇಡ, ಡಿಸೈನ್ ಫೈಲ್ ಸಾಕು.

ಕ್ಲಬ್‌ನಲ್ಲಿ ಹೀಗೆ ಮಾಡಿ: 16 ಚೌಕ ಉದ್ದ, 16 ಚೌಕ ಅಗಲದ ಗ್ರಾಫ್‌ನಲ್ಲಿ ಒಂದು ಮಾವಿನಕಾಯಿ ಬುಟ್ಟಾ ಬಿಡಿಸಿ. ಪ್ರತಿ ಸಾಲನ್ನೂ ಒಂದು-ಸೊನ್ನೆಯಲ್ಲಿ ಬರೆದು ಗೆಳತಿಗೆ ಓದಿ ಹೇಳಿ. ಅವಳು ನೋಡದೆಯೇ ಅದೇ ಬುಟ್ಟಾ ಬಿಡಿಸಿದರೆ ನಿಮ್ಮ ಮೊದಲ ಪ್ರೋಗ್ರಾಂ ಓಡಿತು ಎಂದೇ ಅರ್ಥ. ಮಗ್ಗ ನೋಡಲು ಹೋಗುವಾಗ ಒಂದು ಎಚ್ಚರಿಕೆ: ವೇಲ್, ಜಡೆ ಬಿಗಿಯಾಗಿ ಕಟ್ಟಿ. ಓಡುವ ಮಗ್ಗದ ಹತ್ತಿರ ಹೋಗಬೇಡಿ, ನಿಲ್ಲಿಸಿದಾಗ ನೋಡಿ.

5. ಅಂಗಳ ಚಿಕ್ಕದೆಂಬ ನೆಪ ಬಿಡಿ.
2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ನಡೆಯಿತು. ಫೈನಲ್‌ನಲ್ಲಿ ನೇಪಾಳವನ್ನು 78-40ರಿಂದ ಸೋಲಿಸಿದ ಭಾರತ ವನಿತೆಯರ ತಂಡದಲ್ಲಿ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ ಇದ್ದರು. ಕಾರ್ಕಳ ಕಡೆಯ ಮಮತಾ ಪೂಜಾರಿ ಕಬಡ್ಡಿಯಲ್ಲಿ ಏಷ್ಯನ್ ಗೇಮ್ಸ್ ಚಿನ್ನ ಗೆದ್ದು, 2014ರಲ್ಲಿ ಅರ್ಜುನ ಪ್ರಶಸ್ತಿ ಪಡೆದರು. ಎರಡೂ ಆಟಕ್ಕೆ ದುಬಾರಿ ಕಿಟ್ ಬೇಡ, ಮಣ್ಣಿನ ನೆಲ ಸಾಕು. ಮುಟ್ಟಿನ ದಿನ ಸುಸ್ತಿದ್ದರೆ ಪಿ.ಟಿ. ಮೇಡಂಗೆ ನೇರವಾಗಿ ಹೇಳಿ, ರೆಸ್ಟ್ ತಗೊಳ್ಳಿ. ಆ ಕಾರಣಕ್ಕೆ ಟೀಮ್ ಬಿಡಬೇಡಿ.

6. ಮೆಟ್ಟಿಲು ಎಲ್ಲಿಗೆ ಹೋಗುತ್ತದೆಂದು ಮೊದಲೇ ತಿಳಿಯಿರಿ.
ಶಾಲಾ ಮಕ್ಕಳ ಪ್ರತಿಭಾ ಕಾರಂಜಿ ಸ್ಪರ್ಧೆ ಕ್ಲಸ್ಟರ್‌ನಿಂದ ತಾಲ್ಲೂಕು, ಜಿಲ್ಲೆ, ರಾಜ್ಯದವರೆಗೆ ಹೋಗುತ್ತದೆ. ಎಲ್ಲರೂ ಡ್ಯಾನ್ಸ್‌ಗೇ ಹೆಸರು ಕೊಡುತ್ತಾರೆ. ನೀವು ಆಶುಭಾಷಣ, ರಸಪ್ರಶ್ನೆ ಕಡೆ ನೋಡಿ. ಗೈಡ್ಸ್‌ನಲ್ಲಿ ಪ್ರವೇಶ, ಮೂರು ಸೋಪಾನ, ರಾಜ್ಯ ಪುರಸ್ಕಾರ ದಾಟಿ ರಾಷ್ಟ್ರಪತಿ ಪುರಸ್ಕಾರ ಮುಟ್ಟಲು ವರ್ಷಗಳೇ ಬೇಕು. ಹತ್ತನೇ ಕ್ಲಾಸಿಗೆ ಬಂದು ಸೇರಿದರೆ ಮೇಲಿನ ಮೆಟ್ಟಿಲು ಸಿಗದು. ಸಿಇಟಿಯಲ್ಲಿ ಎನ್‌ಸಿಸಿ, ಕ್ರೀಡಾ ಸಾಧಕರಿಗೆ ವಿಶೇಷ ಕೋಟಾ ಇದೆ. ಸರ್ಟಿಫಿಕೇಟ್‌ಗಳನ್ನು ಇವತ್ತಿನಿಂದಲೇ ಒಂದು ಫೈಲ್‌ನಲ್ಲಿ ಇಡಿ.

7. ದುಡ್ಡಿಲ್ಲ ಎನ್ನುವ ಮೊದಲು ವಿಚಾರಿಸಿ.
2023ರ ಜೂನ್ 11ರಿಂದ ‘ಶಕ್ತಿ’ ಯೋಜನೆಯಲ್ಲಿ ಸಾಮಾನ್ಯ ಸರ್ಕಾರಿ ಬಸ್ಸು ನಿಮಗೆ ಫ್ರೀ. ದೊಡ್ಡಬಳ್ಳಾಪುರದ ತಾಲ್ಲೂಕು ಸ್ಪರ್ಧೆಗೆ ಹೋಗಲು ಗುರುತಿನ ಚೀಟಿ ಇದ್ದರೆ ಸಾಕು. ಒಳ್ಳೆಯ ವಿಜ್ಞಾನದ ಐಡಿಯಾ ಇದ್ದರೆ ಶಾಲೆಯ ಮೂಲಕ ಕೇಂದ್ರ ಸರ್ಕಾರದ ಇನ್‌ಸ್ಪೈರ್-ಮಾನಕ್ ಯೋಜನೆಗೆ ಕಳಿಸಿ. ಆಯ್ಕೆಯಾದರೆ 10,000 ರೂಪಾಯಿ ನಿಮ್ಮ ಬ್ಯಾಂಕ್ ಖಾತೆಗೇ ಬರುತ್ತದೆ.

8. ಮನೆಯಲ್ಲಿ ವಾದ ಬೇಡ, ಟೈಮ್‌ಟೇಬಲ್ ತೋರಿಸಿ.
‘ಓದೋದು ಬಿಟ್ಟು ಇದೇನು?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಅಮ್ಮನ ಭಯ ಮಾರ್ಕ್ಸ್‌ದಲ್ಲ, ಕತ್ತಲಲ್ಲಿ ಮಗಳು ಒಬ್ಬಳೇ ಬರುವುದರದ್ದು. ಯಾವ ದಿನ ಕ್ಲಬ್, ಎಷ್ಟಕ್ಕೆ ಮುಗಿಯುತ್ತದೆ, ಜೊತೆಗೆ ಯಾರು ಬರುತ್ತಾರೆ ಎಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿ. ಹೇಳಿದ ಹೊತ್ತಿಗೆ ಮನೆಯಲ್ಲಿರಿ. ಯೂನಿಟ್ ಟೆಸ್ಟ್ ವಾರದಲ್ಲಿ ಕ್ಲಬ್‌ಗೆ ರಜೆ ಹಾಕಿ. ಒಂದು ಟರ್ಮ್ ಹೀಗೆ ನಡೆದರೆ ಮುಂದಿನ ಸಲ ಯಾರೂ ಕೇಳುವುದಿಲ್ಲ.

9. ‘ನನ್ ಕೈಲಾಗಲ್ಲ’ ಎಂಬ ಅಭ್ಯಾಸ ಬಿಡಿ.
ಅದು ಗುಣವಲ್ಲ, ಹೇಳಿ ಹೇಳಿ ಬಾಯಿಗೆ ಕೂತ ಮಾತು. ವಾರಕ್ಕೊಮ್ಮೆ ಪ್ರಾರ್ಥನೆಯಲ್ಲಿ ದಿನಪತ್ರಿಕೆಯ ಮುಖ್ಯಾಂಶ ಓದಲು ಹೆಸರು ಕೊಡಿ. ತಪ್ಪಿದರೆ ಯಾರಾದರೂ ನಗುತ್ತಾರೆ. ಮುಂದಿನ ವಾರ ಮತ್ತೆ ಓದಿ.

ಸೋಮವಾರ ಬೆಳಗ್ಗೆ ಪ್ರಾರ್ಥನೆ ಮುಗಿದ ಕೂಡಲೇ ಕ್ಲಬ್ ನೋಡಿಕೊಳ್ಳುವ ಟೀಚರ್ ಹತ್ತಿರ ಹೋಗಿ ಹೆಸರು ಬರೆಸಿ. ನಿಮಗೆ ಬೇಕಾದ ಕ್ಲಬ್ ಶಾಲೆಯಲ್ಲಿ ಇಲ್ಲವೇ? ನಾಲ್ಕು ಗೆಳತಿಯರ ಸಹಿ ಹಾಕಿಸಿ, ಮುಖ್ಯೋಪಾಧ್ಯಾಯಿನಿಗೆ ಅರ್ಜಿ ಕೊಡಿ.